ವಾಪಸ್ ಕೊಡಬೇಡ, ಆ ಶೂ

ಗುಬ್ಬಿ,

ಆ ಹೊಸ ಸೈಕಲ್ ಶೂ ವಾಪಸ್ ಕೊಡೋಕೆ ಹೋಗಬೇಡ. ಡಬ್ಬದಿಂದ ತೆಗೆದು ಬಾಗಿಲ ಹತ್ತಿರ ಇಟ್ಟಿದ್ದೀನಿ.

"ಮೂವತ್ತು ವರ್ಷದಿಂದ ಚಪ್ಪಲಿ ಹೊಲೀತಿದ್ದೀನಿ, ಇಷ್ಟು ದುಡ್ಡಿಗೆ ಹತ್ತು ಜೊತೆ ಮಾಡಿಕೊಡ್ತೀನಿ" ಅಂತ ನಿನ್ನೆ ಕೂಗಾಡಿದ್ದು ನಿಜ. ಇವತ್ತು ಬೆಳಿಗ್ಗೆ ತಪ್ಪು ಹುಡುಕೋಣ ಅಂತಲೇ ಕೈಗೆತ್ತಿಕೊಂಡೆ. ಮೇಲಿನ ಅಲಂಕಾರಕ್ಕೆ ನಾನು ಮೂರು ಕಾಸೂ ಕೊಡಲ್ಲ. ಆದರೆ ಆ ಸೋಲ್! ನಿನ್ನ ಸೈಕಲ್ ಪೆಡಲ್ ಮೇಲಿಟ್ಟು ಒತ್ತಿ ಎಳೆದೆ, ಜಪ್ಪಯ್ಯ ಅಂದರೂ ಜಾರಲಿಲ್ಲ.

ಆಮೇಲೆ ನಿನ್ನ ಹಳೇ ಶೂ ಇಟ್ಟು ನೋಡಿದೆ. ಸರ್ರನೆ ಜಾರಿತು. ಸವೆದಿದೆ ಅಂತ ಅದಕ್ಕೆ ನುಣ್ಣಗಿನ ಗಟ್ಟಿ ರಬ್ಬರ್ ಅಂಟಿಸಿ, "ಇನ್ನು ಐದು ವರ್ಷ ಚಿಂತೆಯಿಲ್ಲ" ಅಂತ ಬೀಗಿದವನು ನಾನೇ. ಮರುವಾರವೇ ನೀನು ಗುಡ್ಡದ ಇಳಿಜಾರಲ್ಲಿ ಬಿದ್ದೆ. ನಿಗಾ ಇಲ್ಲ ಅಂತ ನಿನಗೇ ಬೈದೆ.

ಹಾಲು ಕಾಯಿಸಿಟ್ಟಿದ್ದೀನಿ. ಸೈಕಲ್ಲಿನ ಹಿಂದಿನ ಬ್ರೇಕ್ ಕಿರುಗುಟ್ಟುತ್ತೆ, ರಿಪೇರಿ ಅಂಗಡೀಲಿ ತೋರಿಸು. ಹಳೇ ಶೂ ಹುಡುಕಬೇಡ, ನನ್ನ ಅಂಗಡಿಗೆ ಒಯ್ತಿದ್ದೀನಿ, ಕೂತು ಹೊಲಿಯುವಾಗ ಕಣ್ಣಿಗೆ ಬೀಳೋ ಹಾಗೆ ನೇತುಹಾಕ್ತೀನಿ.

ಸಂಜೆ ಬಂದಮೇಲೆ ನಿನ್ನ ಮೊಣಕಾಲು ಒಮ್ಮೆ ತೋರಿಸು. ಆವತ್ತು ನಾನು ನೋಡಲೇ ಇಲ್ಲ.

ಅಪ್ಪ