ಎರಡು ಬೀಟ್ ಮುಂಚೆ

ಹುಡುಗಿಯರ ಹಾಸ್ಟೆಲ್, ಎರಡನೇ ಮಹಡಿ, ಕೋಣೆ ೧೪
ಸೆಪ್ಟೆಂಬರ್ ೭, ಭಾನುವಾರ ಮಧ್ಯಾಹ್ನ

ಪ್ರೀತಿಯ ಚಿಕ್ಕಮ್ಮಾ,

ನಿನ್ನ ಮಣಿಕಟ್ಟಿನ ನೋವು ಹೇಗಿದೆ? ಕನ್ನಡಕದ ಗಾಜು ಉಜ್ಜುವ ಮೆಷಿನ್ನಿನ ಮುಂದೆ ದಿನಕ್ಕೆ ಎಂಟು ಗಂಟೆ ಕೂತರೆ ಇನ್ನೇನಾಗುತ್ತೆ ಅಂತ ಅಮ್ಮ ಫೋನಿನಲ್ಲಿ ನನ್ನನ್ನೇ ಬೈದಳು, ನಿನ್ನನ್ನು ಅಲ್ಲಿ ಕೂರಿಸಿದವಳು ನಾನೇ ಅನ್ನುವ ಹಾಗೆ. ಬಿಸಿನೀರಿನಲ್ಲಿ ಕೈ ಇಟ್ಟುಕೊಳ್ಳುತ್ತಿದ್ದೀಯಾ? ಸುಳ್ಳು ಹೇಳಬೇಡ. ನಾನು ಚೆನ್ನಾಗಿದ್ದೇನೆ, ಹೊಟ್ಟೆ ತುಂಬ ತಿನ್ನುತ್ತಿದ್ದೇನೆ. ಟೆನ್ಷನ್ ಇದ್ದೇ ಇದೆ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಹಾಸ್ಟೆಲ್ ಹೊಸದಲ್ಲ, ಆದರೆ ಈ ಕಾಲೇಜು ಹಾಸ್ಟೆಲಿನಲ್ಲಿ ಬೆಲ್ಲೇ ಹೊಡೆಯುವುದಿಲ್ಲ. ಯಾವಾಗ ಏಳಬೇಕು, ಯಾವಾಗ ಓದಬೇಕು, ಎಲ್ಲ ನನಗೆ ನಾನೇ ಹೇಳಿಕೊಳ್ಳಬೇಕು. ನನ್ನ ಅರ್ಧಂಬರ್ಧ ಕನ್ನಡ ನೋಡಿ ನೀನು ನಗುತ್ತೀಯ ಅಂತ ಈ ಪತ್ರವನ್ನು ಎರಡನೇ ಸಲ ಬರೆಯುತ್ತಿದ್ದೇನೆ.

ಈಗ ವಿಷಯ. ನಿಂತಿದ್ದರೆ ಕೂತುಕೋ. ನೀವು ನಾಲ್ಕು ಜನ ಸೇರಿ ಮಾಡಿದ ಆಲ್ಬಮ್ಮನ್ನು ನಾನು ಇಪ್ಪತ್ತೆರಡು ಜನರ ಮುಂದೆ ಹಾಕಿದೆ.

ಮೊದಲ ಸಲ ಹಾಸ್ಟೆಲಿಗೆ ಹೊರಟಾಗ ನೀನು ಆ ಸಿಡಿಯನ್ನು ನನ್ನ ಟ್ರಂಕಿನಲ್ಲಿ ಬೆಡ್‌ಶೀಟುಗಳ ನಡುವೆ ಇಟ್ಟು, "ಒಬ್ಳೇ ಇದ್ದಾಗ ಕೇಳ್ಕೋ. ಇನ್ನೊಬ್ರ ಕಿವಿಗೆ ಹಾಕಿದ್ರೆ ನೋಡು ಮತ್ತೆ!" ಅಂದಿದ್ದೆ. ಏಳು ವರ್ಷ ಆ ಮಾತು ಉಳಿಸಿಕೊಂಡೆ. ಎಂಟು ದಿನದ ಹಿಂದೆ, ಶನಿವಾರ, ಮುರಿದೆ. ಮುರಿದದ್ದಕ್ಕೆ ಕ್ಷಮೆ ಕೇಳಲು ಈ ಪತ್ರ ಬರೆಯುತ್ತಿಲ್ಲ ಅಂತ ಈಗಲೇ ಹೇಳಿಬಿಡುತ್ತೇನೆ.

ಇಲ್ಲಿನ ಮ್ಯೂಸಿಕ್ ಕ್ಲಬ್ಬಿಗೆ ಒಂದು ಪದ್ಧತಿಯಿದೆ. ಸೇರಬೇಕು ಅನ್ನುವ ಫಸ್ಟ್ ಇಯರಿನವರು ಪ್ರತಿಯೊಬ್ಬರೂ ಒಂದು ಆಲ್ಬಮ್ ತರಬೇಕು, ಅದರ ಬಗ್ಗೆ ಎರಡು ನಿಮಿಷ ಮಾತಾಡಬೇಕು, ಆಮೇಲೆ ಪೂರ್ತಿ ಹಾಕಬೇಕು. ಕೇಳುವವರು ಬೇಕಾದರೆ ಎದ್ದು ಹೋಗಬಹುದು, ಆದರೆ ಬಾಯಿ ತೆರೆಯುವ ಹಾಗಿಲ್ಲ. ಎಲ್ಲರೂ ದೊಡ್ಡ ದೊಡ್ಡ ಬ್ಯಾಂಡುಗಳನ್ನು ತಂದರು. ನಾನು "ಬಾಗಿಲು ತಳ್ಳಿ" ತಂದೆ. ಕವರಿನ ಮೇಲಿನ ಅಂಗಡಿ ಬಾಗಿಲಿನ ಆ ಮಸುಕು ಫೋಟೋ ನೋಡಿಯೇ ಇಬ್ಬರು ಮುಸಿಮುಸಿ ನಕ್ಕರು. ನನ್ನ ಕೈ ಎಷ್ಟು ಬೆವರಿತ್ತೆಂದರೆ ಅಂಗೈ ಮೇಲೆ ಬರೆದುಕೊಂಡ ಮಾತೆಲ್ಲ ಅಳಿಸಿಹೋಗಿತ್ತು. ಹಾಗಾಗಿ ಬಾಯಿಗೆ ಬಂದದ್ದನ್ನು ಹೇಳಿದೆ. ಇದನ್ನು ನಾಲ್ಕು ಜನ ಹಾಸಿಗೆ ಅಂಗಡಿಯ ಮೇಲ್ಮಹಡಿಯಲ್ಲಿ, ವಾರದ ರಜೆಯ ದಿನ, ಗೋಡೆಗೆಲ್ಲ ಹಾಸಿಗೆ ಒರಗಿಸಿ ರೆಕಾರ್ಡ್ ಮಾಡಿದರು. ಒಟ್ಟಿಗೇ ನುಡಿಸಿ, ಒಂದೇ ಸಲಕ್ಕೆ, ಯಾಕೆಂದರೆ ಆರು ಗಂಟೆಗೆ ಓನರಿಗೆ ಕೀ ಕೊಡಬೇಕಿತ್ತು. ಯಾವ ಪೇಪರಿನವರೂ ಇದರ ಬಗ್ಗೆ ಒಂದು ಸಾಲು ಬರೆಯಲಿಲ್ಲ. ನಾನಂತೂ ಇದನ್ನು ಕೇಳದೆ ಒಂದು ಪರೀಕ್ಷೆಗೂ ಹೋಗಿಲ್ಲ. ಇಷ್ಟೇ. ಒಂದು ನಿಮಿಷವೂ ಆಗಲಿಲ್ಲ.

ಮೂರನೇ ಹಾಡಿನ ಹೊತ್ತಿಗೆ ಆರು ಜನ ಎದ್ದು ಹೋದರು, ಮುಚ್ಚಿಡುವುದಿಲ್ಲ. ಆಮೇಲೆ ಐದನೆಯದು ಬಂತು, ಬೀಗದ ಹಾಡು. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ವಾಪಸ್ ಬಂದು ಮೆಟ್ಟಿಲು ಹತ್ತಿ ಓಡುವವಳ ಹಾಡು. ಅದು ನನ್ನದೇ ಕಥೆ ಅಂತ ಮೊದಲ ಸಲ ಕೇಳಿದಾಗಲೇ ಅನ್ನಿಸಿತ್ತು. ಎರಡನೇ ಚರಣಕ್ಕೆ ನೀನು ಎರಡು ಬೀಟ್ ಮುಂಚೆ ಶುರು ಮಾಡಿಬಿಡುತ್ತೀಯಲ್ಲ, ಅಲ್ಲಿ ಇಡೀ ರೂಮು ತಲೆಯೆತ್ತಿತು. ಆಮೇಲೆ ಯಾರೂ ಎದ್ದು ಹೋಗಲಿಲ್ಲ.

ಮುಗಿದ ಮೇಲೆ ಕ್ಲಬ್ಬಿನ ಸೀನಿಯರ್ ನನ್ನ ಹತ್ತಿರ ಬಂದ. ಕೂತಲ್ಲಿ ನಿಂತಲ್ಲಿ ಕಾಲು ಕುಣಿಸಿ ತಾಳ ಲೆಕ್ಕ ಹಾಕುತ್ತಾನೆ ಅಂತ ಅವನನ್ನು ಎಲ್ಲರೂ ಮೀಟರ್ ಅಂತ ಕರೆಯುತ್ತಾರೆ. "ಅದು ತಪ್ಪಾ, ಬೇಕಂತ ಮಾಡಿದ್ದಾ?" ಅಂದ. ನಾನು ಕಣ್ಣು ಮಿಟುಕಿಸದೆ, "ಬೇಕಂತಲೇ. ಬೀಗ ನೋಡೋಕೆ ಓಡ್ತಿರೋಳು ಡ್ರಮ್ಮಿಗೆ ಕಾಯ್ತಾಳಾ?" ಅಂದೆ. ಅವನು ತಲೆಯಾಡಿಸಿದ. ನನಗೆ ಎರಡು ದಿನ ನಿದ್ದೆ ಬರಲಿಲ್ಲ. ಕೊನೆಗೆ ಹುಡುಕಿಕೊಂಡು ಹೋಗಿ ನಿಜ ಹೇಳಿದೆ. ತಪ್ಪೇ ಅದು, ಹಾಡಿದ್ದು ನನ್ನ ಚಿಕ್ಕಮ್ಮ, ಆ ಒಂದು ತಪ್ಪಿನಿಂದ ಆಲ್ಬಮ್ಮೇ ಹಾಳಾಯಿತು ಅಂತ ಅವಳು ಹಾಡುವುದನ್ನೇ ಬಿಟ್ಟಳು ಅಂತ. ಅವನ ಕಾಲು ಮೊದಲ ಸಲ ನಿಂತಿತು. "ಹುಚ್ಚಾ ಅವ್ರಿಗೆ?" ಅಂದ. ಬೇಜಾರು ಮಾಡಿಕೊಳ್ಳಬೇಡ, ಗೌರವದಿಂದಲೇ ಅಂದ.

ಅವತ್ತಿನಿಂದ ಅವನ ತಂಡ ಆ ಹಾಡನ್ನು ಕಲಿಯುತ್ತಿದೆ. ತಮಾಷೆ ಏನು ಗೊತ್ತಾ? ಅವರ ಕೈಲಿ ಆ ತಪ್ಪು ಮಾಡಲು ಆಗುತ್ತಿಲ್ಲ. ಮುಂಚೆ ಹಾಡಿದರೆ ಡ್ರಮ್ಮಿನವನು ಹಿಂದೆ ಬೀಳುತ್ತಾನೆ, ಅವನು ಹಿಡಿದರೆ ಗಿಟಾರ್ ಕೈಕೊಡುತ್ತೆ. ಮೂರು ಸಂಜೆ ಪೂರ್ತಿ ಹೋಯಿತು. ಆ ಪ್ರಾಕ್ಟೀಸಿನಲ್ಲಿ ಮೂಲೆಯಲ್ಲಿ ಕೂತು ಕೇಳುತ್ತಿದ್ದಾಗ ನನಗೆ ಒಂದು ವಿಷಯ ಹೊಳೆಯಿತು, ಅದನ್ನು ನಿನಗೆ ಹೇಳಲೇಬೇಕು. ನೀನು ಇಷ್ಟು ವರ್ಷ ನಿನ್ನ ದನಿಯೊಂದನ್ನೇ ಕೇಳಿಸಿಕೊಂಡಿದ್ದೀಯ. ಅಲ್ಲಿ ಎಡವಿದ್ದು ನೀನೊಬ್ಬಳೇ. ಉಳಿದ ಮೂವರು ಅದೇ ಕ್ಷಣ ತಮ್ಮ ತಾಳ ಬಿಟ್ಟು ನಿನ್ನ ಜೊತೆ ಹಾರಿದ್ದಾರೆ, ಯಾರೂ ನಿಲ್ಲಿಸಿ "ಏನೇ ಇದು" ಅನ್ನಲಿಲ್ಲ. ಎರಡು ಬೀಟಿನಷ್ಟು ಹೊತ್ತಿನಲ್ಲಿ ಮೂರು ಜನ ಒಬ್ಬಳನ್ನು ಹಿಡಿದುಕೊಳ್ಳುವುದು ಅಭ್ಯಾಸದಿಂದ ಬರುವುದಲ್ಲ ಅಂತ ಮೀಟರೇ ಒಪ್ಪಿಕೊಂಡ. ಎಲ್ಲದಕ್ಕೂ ಹೆದರುವ ನಾನು ಈ ಒಂದು ವಿಷಯದಲ್ಲಿ ಹೆದರುವುದಿಲ್ಲ ಚಿಕ್ಕಮ್ಮಾ. ಅದು ಒಳ್ಳೆಯ ಆಲ್ಬಮ್. ಅಲ್ಲ ಅಂತ ನೀನೇ ಹೇಳಿದರೂ ನಾನು ಒಪ್ಪುವುದಿಲ್ಲ.

ಭಾರ ಎತ್ತಬೇಡ, ಸಿಟ್ಟು ಬಂದರೆ ಮೊದಲು ಊಟ ಮಾಡಿ ಆಮೇಲೆ ಬೈ. ಪಕ್ಕದ ಮೆಷಿನ್ನಿನ ಅಕ್ಕನಿಗೆ ನನ್ನ ನೆನಪು ಹೇಳು.

ನಿನ್ನ ಮುದ್ದಿನ, ಈಗ ಮಾತು ತಪ್ಪಿದ,
ಪುಟ್ಟಿ

ತಾ.ಕ. (ಸೋಮವಾರ ಬೆಳಿಗ್ಗೆ): ಪೋಸ್ಟ್ ಡಬ್ಬ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇಪ್ಪತ್ತೊಂದನೇ ತಾರೀಖು ಸಂಜೆ ಐದಕ್ಕೆ ಕಾಲೇಜಿನ ಅಂಗಳದಲ್ಲಿ ಆ ಹಾಡು ನುಡಿಸುತ್ತೇವೆ. ಹಾಡುವವಳು ನಾನು. ಹೌದು, ನಾನೇ, ಮೈಕಿನ ಮುಂದೆ ನಿಂತು. ನೀನು ಬಂದರೆ ಮೈಕ್ ನಿನ್ನದು. ಹಾಡು ನಿನ್ನದಾದ್ದರಿಂದ ನೀನು ಬೇಡ ಅಂತ ಬರೆದರೆ ನಿಲ್ಲಿಸುತ್ತೇವೆ, ಮೀಟರಿಗೆ ಹಾಗೆಂದು ಹೇಳಿಯೂ ಇದ್ದೇನೆ. ಏನೂ ಬರೆಯದೆ ಸುಮ್ಮನಿದ್ದರೆ ಮಾತ್ರ ಹೂಂ ಅಂದೆ ಅಂತಲೇ ತಿಳಿದುಕೊಳ್ಳುತ್ತೇನೆ. ಈ ಏಳು ವರ್ಷದಲ್ಲಿ ನನ್ನ ಒಂದು ಪತ್ರಕ್ಕಾದರೂ ನೀನು ಉತ್ತರ ಬರೆದಿದ್ದೀಯಾ, ಹೇಳು?