ರಜೆಯಲ್ಲೂ ನಡೆದ ದಾರಿ

ಭಾನುವಾರ ಬೆಳಿಗ್ಗೆ, ರಜೆ ಅರ್ಧ ಕಳೆದಿದೆ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದ.

ಉತ್ತರ ತಡವಾಯಿತು, ಬೈಯಬೇಡ. 'ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಲು ಕಾಲೇಜಿನಲ್ಲಿ ಕಲಿಸಿದ್ದರು. ಆಮೇಲೆ ಏನು ಬರೆಯಬೇಕೆಂಬುದು ಮರೆತುಹೋಗಿದೆ. ಮಂಡಿ ನೋವು ಹಾಗೇ ಇದೆ, ಆದರೆ ಕಾಲಿಗೆ ಕೈತುಂಬ ಕೆಲಸ.

ನಮ್ಮ ವಿಶ್ವವಿದ್ಯಾಲಯ ಮುಚ್ಚಿಹೋದ ನೂಲಿನ ಗಿರಣಿಯಲ್ಲಿ ಹುಟ್ಟಿದ್ದು ನಿನಗೆ ಗೊತ್ತು. ನೂಲಿಗೆ ಬಣ್ಣ ಹಾಕುತ್ತಿದ್ದ ಕೋಣೆ ನಿಮ್ಮಮ್ಮನ ಪ್ರಯೋಗಾಲಯವಾಯಿತು, ಗೋದಾಮು ನನ್ನ ಗ್ರಂಥಾಲಯವಾಯಿತು. ನಡುವೆ ಬರೀ ಹುಲ್ಲು. ಮೊದಲ ಕುಲಪತಿಗಳು ಒಂದು ನಿಯಮ ಮಾಡಿದರು: ಜನ ಓಡಾಡಿ ವರ್ಷವಿಡೀ ಹುಲ್ಲು ಸವೆದಿದ್ದ ಕಡೆ ಮಾತ್ರ ಕಲ್ಲು ಹಾಸಬೇಕು, ಹಾಸಿದ ದಾರಿಯ ಮೇಲೆ ಎಂದೂ ಏನನ್ನೂ ಕಟ್ಟಬಾರದು. ಅದು ಇಂದಿಗೂ ಜಾರಿಯಲ್ಲಿದೆ. ಊಟದ ಡಬ್ಬಿ ಹಿಡಿದು ನಿಮ್ಮಮ್ಮ ದಿನಾ ನನ್ನ ಕಡೆಗೆ ಬರುತ್ತಿದ್ದ ದಾರಿಗೆ ಮಾತ್ರ ಕಲ್ಲಿನ ಯೋಗ ಬರಲಿಲ್ಲ. ರಜೆಯಲ್ಲಿ ನಾವು ಊರಿಗೆ ಹೋಗುತ್ತಿದ್ದೆವು, ತಿರುಗಿ ಬರುವಷ್ಟರಲ್ಲಿ ಹುಲ್ಲು ಮುಚ್ಚಿಕೊಂಡಿರುತ್ತಿತ್ತು. "ನೋಡಿ, ನನ್ನ ಗುರುತೇ ಇಲ್ಲ ಇದಕ್ಕೆ" ಎಂದು ನಗುತ್ತಿದ್ದಳು.

ರಜೆ ಮುಗಿದೊಡನೆ ಅಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡುತ್ತಾರಂತೆ. ಹೋದ ವರ್ಷ ಸುದ್ದಿ ಕಿವಿಗೆ ಬಿದ್ದಂದಿನಿಂದ ಬೆಳಿಗ್ಗೆ ಸಂಜೆ ಆ ದಾರಿಯಲ್ಲೇ ನಡೆಯುತ್ತಿದ್ದೇನೆ. ಈಗ ರಜೆಯಲ್ಲೂ ಬಿಟ್ಟಿಲ್ಲ. "ಹುಲ್ಲಿಗೂ ನಿಮಗೂ ಏನು ಜಿದ್ದು ಸಾರ್?" ಎಂದ ಮಾಲಿ. ನೀರಿನ ಕೊಳವೆಯನ್ನು ಮಾತ್ರ ಪಾಪ, ಆಚೆಗೆ ತಿರುಗಿಸಿಕೊಂಡ.

ನಿನ್ನೆ ರಿಜಿಸ್ಟ್ರಾರರೇ ಬಂದರು. "ಒಬ್ಬರೇ ನಡೆದ್ರೆ ದಾರಿ ಆಗುತ್ತಾ ಸಾರ್?"

"ಎಷ್ಟು ಜನ ಅಂತ ನಿಯಮದಲ್ಲಿಲ್ವಲ್ಲಪ್ಪಾ. ರೂಲ್ ಈಸ್ ರೂಲ್."

"ಮಂಡಿ ಕೈಕೊಟ್ರೆ?"

"ಕೋಲಿದೆ. ಅದೂ ಹುಲ್ಲು ಸವೆಸುತ್ತೆ."

ಅವರಿಗೆ ನಗು ಬಂತು, ತಡೆದುಕೊಂಡರು. ಮಣ್ಣು ಈಗ ಈ ತುದಿಯಿಂದ ಆ ತುದಿಗೆ ಸ್ಪಷ್ಟವಾಗಿ ಕಾಣುತ್ತಿದೆ. ತರಗತಿ ಶುರುವಾಗುವ ದಿನ ಕಲ್ಲು ಹಾಸಿ ಎಂದು ಕೇಳಿಯೇ ಕೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣು ಕೆಡಿಸಿಕೊಳ್ಳಬೇಡ. ನೂರು ಕಾಲ ಚೆನ್ನಾಗಿ ಬಾಳು.

ನಿನ್ನ
ಅಪ್ಪ

ಮರೆತ ಮಾತು: ಹೋಗುವಾಗ ರಿಜಿಸ್ಟ್ರಾರ್, "ಕಟ್ಟಡದ ನಕ್ಷೆ ನಿಮ್ಮ ಮಗಳದ್ದೇ ಅಲ್ವಾ ಸಾರ್, ನಿಮಗೆ ಹೇಳಿಲ್ವಾ?" ಎಂದರು. "ಹೇಳದೆ ಇರ್ತಾಳಾ" ಎಂದುಬಿಟ್ಟೆ. ನಿನ್ನ ಕೆಲಸ ನೀನು ಮಾಡು ಪುಟ್ಟಿ, ನನ್ನ ನಡಿಗೆಯನ್ನು ನಾನು ನಿಲ್ಲಿಸುವುದಿಲ್ಲ. ಜಾಗ ಅಳೆಯಲು ಬರುವ ದಿನ ಅಮ್ಮನ ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ಊಟ ತಾ. ಪ್ರಯೋಗಾಲಯದ ಕಡೆಯಿಂದ ನಡೆದು ಬಾ. ನಾನು ಈ ತುದಿಯಲ್ಲಿರುತ್ತೇನೆ.