ಅಪ್ಪನ ಕಲ್ಲಿಗೆ ಸ್ಟೌಟ್

ಮಾರ್ಚ್ 30, ಭಾನುವಾರ

ನೀರು ಎಪ್ಪತ್ತೆರಡು ಡಿಗ್ರಿ. ಕಾಳು ಸುರಿದೆ. ಅರವತ್ತೇಳಕ್ಕೆ ಇಳಿದು ನಿಂತಿತು. ಸರಿ. ಮುಚ್ಚಳ ಹಾಕಿ ಮೇಲೆ ಹಳೆ ರಜಾಯಿ ಹೊದಿಸಿದ್ದೇನೆ. ಇನ್ನೊಂದು ಗಂಟೆ ಬಾರ್ಲಿ ತನ್ನ ಸಿಹಿಯನ್ನು ತಾನೇ ಬಿಡಬೇಕು. ಅಲ್ಲಿಯವರೆಗೆ ಬರೆಯುವುದು. ಶೆಡ್ಡಿನ ತಗಡು ಗಾಳಿಗೆ ಬಡಿದುಕೊಳ್ಳುತ್ತಿದೆ. ಬೆರಳು ಸೆಟೆದಿವೆ.

ಮೊಳಕೆ ಬರಿಸಿ ಒಣಗಿಸಿದ ಈ ಬಾರ್ಲಿಯ, ಅಂದರೆ ಮಾಲ್ಟಿನ, ಚೀಲ ಇಲ್ಲಿಗೆ ಬರಲಿಲ್ಲ. ಕೊರಿಯರ್‌ನವನ ಫೋನು — "ಆ ಸೈಟಿಗೆ ನಾವು ಬರಲ್ಲ ಮೇಡಂ. ನಾಯಿಗಳಿವೆ." ನಮ್ಮ ಗಾಲಿಮನೆ ಟ್ರೇಲರುಗಳು ನಿಂತ ಈ ಸೈಟಿನಲ್ಲಿ ಒಂದು ನಾಯಿಯೂ ಇಲ್ಲ. ಅಲೆಮಾರಿಗಳಿದ್ದಾರೆ ಅನ್ನುವುದಕ್ಕೆ ಬಾಯಿ ಬರಲಿಲ್ಲ, ನಾಯಿ ಅಂದ. ಅವನು ಇಳಿಸಿ ಹೋದ ಪೆಟ್ರೋಲ್ ಬಂಕಿನಿಂದ ಹೆಗಲ ಮೇಲೆ ಹೊತ್ತು ತಂದೆ.

ಅವ್ವ ಟ್ರೇಲರಿನ ಬಾಗಿಲಲ್ಲಿ ನಿಂತು ಕೂಗಿದಳು:

"ಏನೇ ವಿನಿ ಅದು, ಹಂದಿಗೆ ಗಂಜಿನಾ?"

"ಸ್ಟೌಟ್ ಕಣವ್ವ, ಕಪ್ಪು ಬಿಯರು."

"ಅಂಗಡೀಲಿ ಸಿಗಲ್ವೇನೆ?"

"ಹೋದ ವರ್ಷ ಸಿಕ್ತಾ?"

ಬಾಗಿಲು ಎಳೆದುಕೊಂಡಳು.

ಹೋದ ವರ್ಷ. ಅಪ್ಪನನ್ನು ಮಣ್ಣು ಮಾಡಿದ ದಿನ. ಊರಿನ ಪಬ್ಬುಗಳೆಲ್ಲ ಬಾಗಿಲು ಹಾಕಿದ್ದವು. ಹೋಟೆಲ್ ಬಾಗಿಲು ಹಾಕಿತ್ತು. ಸೀಸೆ ಮಾರುವ ಅಂಗಡಿಯೂ. ಗಾರ್ಡ್‌ಗಳು, ಅಂದರೆ ಇಲ್ಲಿನ ಪೊಲೀಸರು, ಹಿಂದಿನ ದಿನವೇ ಅಂಗಡಿ ಅಂಗಡಿಗೆ ಹೋಗಿ ಹೇಳಿದ್ದರಂತೆ, ಬಾಗಿಲು ಹಾಕಿಕೊಳ್ಳುವುದು ವಾಸಿ ಅಂತ. ಅಲೆಮಾರಿಯ ಹೆಣ ಬಂದರೆ ಊರಿಗೇ ಮೈಲಿಗೆ! ಇಂಗ್ಲೆಂಡಿನಿಂದ, ಡಬ್ಲಿನ್‌ನಿಂದ ಬಂದ ನೆಂಟರು ಪೆಟ್ರೋಲ್ ಬಂಕಿನ ಮಳೆಯಲ್ಲಿ ಕಾಗದದ ಲೋಟ ಹಿಡಿದು ಚಹಾ ಕುಡಿದರು. ಡುಲಾನ್ ಪಬ್ಬಿನ ಮೇಲಿನ ಕಿಟಕಿಯಲ್ಲಿ ಪರದೆ ಸರಿಯಿತು. ನೋಡಿದೆ. ಪಬ್ಬಿನ ಮಾಲಿಕ ಡುಲಾನ್ ಎಣಿಸುತ್ತಿದ್ದ ನಮ್ಮನ್ನು, ಕುರಿ ಎಣಿಸಿದಂತೆ.

ಮಣ್ಣು ಮಾಡಿ ವರ್ಷಕ್ಕೆ ನಮ್ಮವರು ಗೋರಿಗೆ ಕಲ್ಲು ನಿಲ್ಲಿಸುತ್ತಾರೆ. ಪಾದ್ರಿ ಬಂದು ಹರಸುತ್ತಾನೆ. ಆಮೇಲೆ ಸತ್ತವನ ಹೆಸರೆತ್ತಿ ಎಲ್ಲರೂ ಕುಡಿಯಬೇಕು. ಅಪ್ಪನ ಕಲ್ಲು ಜೂನ್ 15ಕ್ಕೆ. ಪ್ಯಾಟ್ಸಿ ಮೊಂಗನ್ ಎಂಬ ಅವನ ಹೆಸರಿಗೆ ಅವತ್ತು ಪ್ರತಿ ಕೈಯಲ್ಲೂ ಲೋಟ ಇರಬೇಕು. ಯಾವ ನನ್ಮಗನ ಬಾಗಿಲನ್ನೂ ತಟ್ಟದೆ. ಅಷ್ಟೇ.

ಗಂಟೆ ಆಯಿತು. ಸೋಸಬೇಕು.

ಏಪ್ರಿಲ್ 6

ಎರಡನೇ ಸಲ. ಕೈ ಪಳಗುತ್ತಿದೆ. ಸೋಸಿದೆ, ಕಾಳಿನ ಮೇಲೆ ಮತ್ತೆ ಬಿಸಿನೀರು ಹಾಯಿಸಿದೆ, ಕಹಿಗೆ ಹಾಪ್ಸ್ ಹೂ ಹಾಕಿ ಒಂದು ಗಂಟೆ ಕುದಿಸಿದೆ. ಆರಿದ ಮೇಲೆ ಹುದುಗಲು ಯೀಸ್ಟ್. ಸುಟ್ಟ ಬಾರ್ಲಿ ಚೀಲದಲ್ಲಿ ಎರಡು ಬೊಗಸೆ ಮಾತ್ರ. ಅದಕ್ಕೆ ಮೊಳಕೆಯೊಡೆಯುವ ಭಾಗ್ಯವೂ ಕೊಟ್ಟಿಲ್ಲ, ನೇರ ಬೆಂಕಿಗೆ. ಆದರೂ ಇಡೀ ಪೀಪಾಯಿಗೆ ಅದರದೇ ಬಣ್ಣ, ಅದರದೇ ಕಹಿ.

ಡಿನ್ನಿ ಅಣ್ಣ ಬಂದ. ಪೀಪಾಯಿ ನೋಡಿ ನಕ್ಕ.

"ಇದನ್ನ ಕುಡಿಸಿ ಬಂದೋರನ್ನೂ ಅಪ್ಪನ ಪಕ್ಕದಲ್ಲೇ ಮಲಗಿಸ್ತೀಯಾ?"

"ಮತ್ತೇನ್ ಮಾಡ್ತೀಯ, ನೀನೇ ಹೇಳು."

"ಡುಲಾನ್ ಹತ್ರ ಮರ್ಯಾದೆಯಾಗಿ ಕೇಳ್ತೀನಿ. ಟೈ ಕಟ್ಕೊಂಡು ಹೋಗ್ತೀನಿ."

ಹೋದ. ಟೈ ಕಟ್ಟಿಕೊಂಡೇ ಹೋದ. ಅರ್ಧ ಗಂಟೆಗೆ ವಾಪಸ್. ಟೈ ಜೇಬಿನಲ್ಲಿತ್ತು. ಡುಲಾನ್ ಅಂದನಂತೆ — "ನನಗೇನೂ ಇಲ್ಲಪ್ಪ, ಗಿರಾಕಿಗಳು ಒಪ್ಪಲ್ಲ." ಎಲ್ಲ ಕಳ್ಳರೂ ಇದನ್ನೇ ಹೇಳುತ್ತಾರೆ. ನನಗೇನಿಲ್ಲ, ಮಂದಿ ಒಪ್ಪಲ್ಲ. ಆ ಮಂದಿಯನ್ನು ಕೇಳು, ನಮಗೇನಿಲ್ಲ, ಡುಲಾನ್ ಒಪ್ಪಲ್ಲ ಅನ್ನುತ್ತಾರೆ.

ಅಣ್ಣ ಬಂದವನೇ ಒಲೆಯ ಉರಿ ಸರಿಮಾಡಿದ.

ಏಪ್ರಿಲ್ 27

ಚಳಿ ಬಿಡುತ್ತಿಲ್ಲ. ಶೆಡ್ಡು ಐಸ್‌ಪೆಟ್ಟಿಗೆ. ಮೊದಲೆರಡು ಪೀಪಾಯಿಯ ಗುಳುಗುಳು ಎಂದೋ ನಿಂತಿತ್ತು. ಸಿಹಿ ಎಷ್ಟು ಉಳಿದಿದೆ ಅಂತ ಅಳೆಯುವ ಗಾಜಿನ ಕಡ್ಡಿ ತೇಲಿಬಿಟ್ಟು ನೋಡಿದೆ. ಇವತ್ತೂ ಅದೇ ಗೆರೆ, ನಿನ್ನೆಯೂ ಅದೇ ಗೆರೆ. ಗೆರೆ ಇನ್ನೂ ಕೆಳಗಿರಬೇಕಿತ್ತೇನೋ... ಆದರೆ ಅಲುಗುತ್ತಿಲ್ಲ. ಹುದುಗು ಮುಗಿಯಿತು ಅಂತಲೇ ಲೆಕ್ಕ. ಕಾಯುವ ಪುರುಸೊತ್ತಿಲ್ಲ. ಸೀಸೆಗೆ ತುಂಬಿದೆ, ನೊರೆ ಬರಲಿ ಅಂತ ಒಂದೊಂದಕ್ಕೂ ಸಕ್ಕರೆ, ಮುಚ್ಚಳ ಒತ್ತಿದೆ. ಅಂಗೈ ಬೊಬ್ಬೆ ಎದ್ದಿದೆ.

ಅವ್ವ ಎಣಿಸಲಿಕ್ಕೆ ಬಂದವಳಂತೆ ಬಂದು ನೋಡಿ ಹೋದಳು. "ಸೀಸೆ ಚೆನ್ನಾಗವೆ," ಅಂದಳು. ಸ್ಟೌಟಿನ ಬಗ್ಗೆ ಒಂದು ಮಾತಿಲ್ಲ.

ಮೇ 24, ಶನಿವಾರ ಸಂಜೆ

ಬರೆಯಬೇಕು. ಇಲ್ಲದಿದ್ದರೆ ಯಾರಿಗಾದರೂ ಹೊಡೆಯುತ್ತೇನೆ.

ಮೂರು ದಿನದಿಂದ ಬಿಸಿಲು. ಒಳ್ಳೆ ಬಿಸಿಲು. ಮಧ್ಯಾಹ್ನ ಅವ್ವ ಮೆಟ್ಟಿಲ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಢಮ್. ಶೆಡ್ಡಿನೊಳಗೆ. ಮತ್ತೆ ಢಮ್. ಆಮೇಲೆ ಸಾಲಾಗಿ, ಪಟಾಕಿ ಸರದಂತೆ. ಕೂಡಲೇ ಗೊತ್ತಾಯಿತು. ಯೀಸ್ಟ್ ಮುಗಿಸಿರಲಿಲ್ಲ, ಚಳಿಗೆ ಮಲಗಿತ್ತು. ಮಲಗಿದ್ದರ ಬಾಯಿಗೆ ನಾನೇ ಸಕ್ಕರೆ ಇಟ್ಟು ಮುಚ್ಚಳ ಬಡಿದಿದ್ದೆ. ಬಿಸಿಲಿಗೆ ಎದ್ದು ಕೂತಿತು. ಸೀಸೆ ಸಿಡಿಯುತ್ತಿವೆ.

ಒಡೆದು ಒಡೆದು ಸುಮ್ಮನಾಗುತ್ತಿತ್ತು. ಬಿಟ್ಟರೆ ತಾನೆ. ರಸ್ತೆಯಾಚೆಯ ಮನೆಗಳಿಂದ ಗಾರ್ಡ್‌ಗಳಿಗೆ ಫೋನು ಹೋಗಿದೆ — ಅಲೆಮಾರಿಗಳು ಗುಂಡು ಹಾರಿಸುತ್ತಿದ್ದಾರೆ. ಹಿಂದೊಮ್ಮೆ ಅವ್ವನ ಟ್ರೇಲರಿಗೆ ಬೆಂಕಿ ಬಿದ್ದಾಗ ಒಂದು ಗಂಟೆ ತಡಮಾಡಿ ಬಂದವರು ಇವತ್ತು ನಿಮಿಷದಲ್ಲಿ ಬಂದರು. ನಾಲ್ಕು ಕಾರು. ಬಂದೂಕು ಹಿಡಿದವರು, ಎದೆಗೆ ಕವಚ.

"ಕೈ ಮೇಲೆ! ಎಲ್ಲಾರೂ!"

ಅವ್ವ ಕೈ ಎತ್ತಿದಳು. ಒಂದರಲ್ಲಿ ಆಲೂಗಡ್ಡೆ.

ಸಾರ್ಜೆಂಟ್ ಹೆಗಾರ್ಟಿ ಮುಂದೆ ಬಂದ. "ಬಂದೂಕು ಎಲ್ಲಿ?"

"ಬಂದೂಕಲ್ಲ ಕಣಪ್ಪ, ಸ್ಟೌಟು," ಅಂದಳು ಅವ್ವ. "ನಮ್ಮ ಹುಡುಗಿಗೆ ಇನ್ನೂ ಸರಿಯಾಗಿ ಮಾಡಕ್ಕೆ ಬರಲ್ಲ."

ಎಳೆ ಗಾರ್ಡ್ ಒಬ್ಬ ಶೆಡ್ಡಿನ ಬಾಗಿಲು ಒದ್ದ. ಒಳಗೆ ಢಮ್. ಬೋರಲು ಬಿದ್ದ. ಎದ್ದಾಗ ಮೂಗಿನಿಂದ ಮೊಣಕಾಲವರೆಗೆ ಕಪ್ಪು ನೊರೆ. ಅವ್ವ ನಕ್ಕಳು. ಇಡೀ ಸೈಟು ನಕ್ಕಿತು.

ಆ ನಗುವಿಗೆ ಬೆಲೆ ತೆಗೆದುಕೊಂಡರು. ಡಿನ್ನಿ ಅಣ್ಣನನ್ನು ನೆಲಕ್ಕೆ ಕೆಡವಿ ಬೆನ್ನ ಮೇಲೆ ಬೂಟು. ಹಾಸಿಗೆಗಳನ್ನು ಮಗುಚಿದರು. ಉಳಿದಿದ್ದ ಮಾಲ್ಟ್ ಚೀಲಕ್ಕೆ ಚಾಕು ಹಾಕಿದರು. ಬಂದೂಕು ಬಾರ್ಲಿಯಲ್ಲಿ ಮೊಳೆಯುತ್ತಾ? ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಇನ್ನೂ ಸಿಟ್ಟು.

"ಇಷ್ಟೊಂದು ಯಾಕೆ? ಮಾರೋಕಾ?" ಅಂದ ಹೆಗಾರ್ಟಿ.

"ಮನೆ ಬಳಕೆಗೆ ಸಾರ್ಜೆಂಟ್. ಕಾನೂನು ಬೇಡ ಅನ್ನಲ್ಲ. ಅಪ್ಪನ ಕಲ್ಲಿಗೆ."

"ಓಹೋ. ನಿಮ್ಮಪ್ಪ ಈಗ್ಲೂ ಇಷ್ಟು ಕುಡೀತಾನಾ?"

ಒಡೆಯದೆ ಉಳಿದಿದ್ದ ಸೀಸೆಗಳನ್ನೆಲ್ಲ ಮೋರಿಗೆ ಸುರಿಸಿದ. ಆಮೇಲೆ ಮಾಡಿದ ಎರಡು ಪೀಪಾಯಿಯನ್ನೂ ಉರುಳಿಸಿದ. "ಸುರಕ್ಷತೆ," ಅಂದ. ಕಪ್ಪು ಹರಿದು ಹರಿದು ರಸ್ತೆ ದಾಟಿ ಫೋನು ಮಾಡಿದವರ ಬೇಲಿಗಳ ಬುಡಕ್ಕೆ ಹೋಯಿತು.

ಕ್ಷಮೆ? ಯಾರು ಕೇಳುತ್ತಾರೆ.

ಮೇ 25

ಬೆಳಿಗ್ಗೆ ಎದ್ದಾಗ ಶೆಡ್ಡಿನಲ್ಲಿ ಅವ್ವ. ಮಂಡಿಯೂರಿ ಕೂತು, ನೆಲದ ಮೇಲೆ ಚೆಲ್ಲಿದ ಮಾಲ್ಟನ್ನು ಬ್ರಷ್ಷಿನಿಂದ ಗುಡ್ಡೆ ಮಾಡಿ ಹಿಟ್ಟಿನ ಜರಡಿಗೆ ಹಾಕುತ್ತಿದ್ದಳು. ಗಾಜಿನ ಚೂರು ಒಂದೊಂದೇ ಹೆಕ್ಕುತ್ತಿದ್ದಳು.

"ಬಿಡವ್ವ, ಬೂಟು ತುಳಿದಿರೋದು."

"ಕುದಿಸ್ತೀಯಲ್ಲ?"

"ಒಂದು ಗಂಟೆ."

"ಅಷ್ಟೊತ್ತು ಕುದ್ರೆ ಹೆಗಾರ್ಟಿ ಬೂಟೂ ಬೇಯ್ತದೆ. ಹಿಡಿ ಜರಡಿ."

ಒಟ್ಟು ಎರಡು ಪೀಪಾಯಿಗೆ ಆಗುವಷ್ಟು ಉಳಿದಿದೆ. ಎಲ್ಲರಿಗೂ ತುಂಬು ಲೋಟ ಸಾಧ್ಯವಿಲ್ಲ. ಒಬ್ಬರಿಗೆ ಒಂದು ಗುಟುಕು. ಸಾಕು. ಸೀಸೆ ಇಲ್ಲ, ಪೀಪಾಯಿಯಿಂದಲೇ ಲೋಟಕ್ಕೆ. ಎಳೆಯದಾಗಿರುತ್ತದೆ, ನೊರೆ ಕಡಿಮೆ. ಇರಲಿ.

ಮೇ 28

ಪೀಪಾಯಿಗಳು ಈಗ ಅವ್ವನ ಟ್ರೇಲರಿನಲ್ಲಿ, ಅವಳ ಮಂಚದ ಪಕ್ಕ, ಹೀಟರಿನ ಹತ್ತಿರ. ತಾನೇ ಜಾಗ ಮಾಡಿದಳು. ಇನ್ನು ಚಳಿಯ ಮಾತಿಲ್ಲ. ಬೆಳಿಗ್ಗೆ ಕೇಳಿದೆ, ಹುದುಗಿನ ಗುಳುಗುಳು ಸದ್ದಿಗೆ ನಿದ್ದೆ ಬಂತಾ ಅಂತ.

"ನಿಮ್ಮಪ್ಪ ಗೊರಕೆ ಹೊಡ್ದಂಗೇ ಐತೆ. ವರ್ಷದ ಮ್ಯಾಲೆ ನಿನ್ನೆ ನಿದ್ದೆ ಬಂತು ಕಣೇ."

ಜೂನ್ 8

ಸೈಟಿಗೆ ಡುಲಾನ್‌ನ ಲಾರಿ. ನಂಬಲಾಗಲಿಲ್ಲ. ಆರು ಉಕ್ಕಿನ ಪೀಪಾಯಿ ಇಳಿಸಿ ಹೋಯಿತು. ಫ್ಯಾಕ್ಟರಿ ಸ್ಟೌಟು, ಸೀಲು ಹಾಕಿದ್ದು. ಪುಕ್ಕಟೆ.

ಡಿನ್ನಿ ಅಣ್ಣ ಕೈ ಉಜ್ಜಿಕೊಳ್ಳುತ್ತ — "ನೋಡು, ಮನುಷ್ಯ ಕೆಟ್ಟೋನಲ್ಲ. ಸತ್ತೋರಿಗೆ ಗೌರವ ಅಂದ."

"ಯಾಕೆ ಕೊಟ್ಟ?"

"ಕೊಟ್ಟ, ಬಿಡು. ನಿನಗೆ ಎಲ್ಲದರಲ್ಲೂ ಹುಳ."

ಹುಳ ಇದೆ. ಎಲ್ಲೋ ಇದೆ.

ಜೂನ್ 11

ಹುಳ ಸಿಕ್ಕಿತು. ಪಾದ್ರಿಯ ಹತ್ತಿರ ಹೊತ್ತು ಗೊತ್ತುಮಾಡಲು ಹೋಗಿದ್ದೆ. ಬಲು ಸಂತೋಷದಲ್ಲಿದ್ದ.

"ಬೈಪಾಸ್ ಮೇಲೇ ಹೋಗ್ತೀರಂತಲ್ಲ ವಿನಿ. ಒಳ್ಳೇದಾಯ್ತಮ್ಮ. ಊರಲ್ಲಿ ಗಲಾಟೆ ತಪ್ಪಿತು. ಡಿನ್ನಿ ತಿಳಿದೋನು."

ಆರು ಪೀಪಾಯಿಯ ಬೆಲೆ ಅದು. ಸ್ಮಶಾನದಿಂದ ನೇರ ಬೈಪಾಸ್, ಸೈಟು. ಊರ ಬೀದಿಗೆ ನಮ್ಮ ನೆರಳು ಬೀಳಬಾರದು. ಬೇಕಾದಷ್ಟು ಕುಡೀರಿ, ನಮ್ಮ ಕಣ್ಣಿಗೆ ಬೀಳಬೇಡಿ!

ಅವ್ವನ ಮುಂದೆಯೇ ಅಣ್ಣನನ್ನು ಹಿಡಿದೆ.

"ಅಪ್ಪನ ಹೆಸರು ಮಾರ್ಕೊಂಡೆಯಲ್ಲೋ, ಥೂ."

"ಇಂಗ್ಲೆಂಡಿಂದ ಬತ್ತಾರೆ ವಿನಿ! ಇನ್ನೊಂದು ಸಲ ಪೆಟ್ರೋಲ್ ಬಂಕಲ್ಲಿ ನಿಲ್ಸಲಾ? ಚಿಕ್ಕಪ್ಪ ನನ್ನ ಮುಖ ನೋಡಿದ್ದು ನೆನಪೈತೆ ನಂಗೆ. ನಿನ್ನ ಒಂದು ಗುಟುಕಲ್ಲಿ ಮಾನ ಮುಚ್ಚುತ್ತಾ?"

"ಅವನ ಆರು ಪೀಪಾಯೀಲಿ ಮುಚ್ಚುತ್ತಾ?"

ಅವನ ಕಣ್ಣು ಕೆಂಪಾಗಿತ್ತು. ಸಿಟ್ಟಿಗೋ ಅಳುವಿಗೋ ಗೊತ್ತಿಲ್ಲ. ಅವ್ವ ಇಬ್ಬರನ್ನೂ ನೋಡಿದಳು.

"ನಿಮ್ಮಪ್ಪನ ಶವಾನ ಆ ಬೀದೀಲೇ ತಂದ್ವಿ. ಕಲ್ಲಿನ ದಿನಾನೂ ಅದೇ ಬೀದಿ. ವ್ಯಾನು ನೀನು ಓಡಿಸ್ತೀಯೋ, ನಾನು ನಡ್ಕೊಂಡು ಹೋಗ್ಲೋ?"

ಅಣ್ಣ ಎದ್ದು ಹೊರಗೆ ಹೋದ. ನಾಲ್ಕು ದಿನ ಉಳಿದಿದೆ. ಏನು ಮಾಡುತ್ತಾನೋ.

ಜೂನ್ 14

ನಲ್ಲಿ ತಿರುಗಿಸಿ ರುಚಿ ನೋಡಿದೆ. ಎಳೆಯದು. ನಾಲಿಗೆ ಹಿಡಿಯುವ ಸುಟ್ಟ ಕಹಿ, ಹಿಂದೆ ಸ್ವಲ್ಪ ಸಿಹಿ. ನೊರೆ ತೆಳು. ಅವ್ವ ಕುಡಿದು ಬಾಯಿ ಒರೆಸಿಕೊಂಡಳು — "ಕಹಿ ಐತೆ. ಇರ್ಲಿ, ಹಂಗೇ ಇರ್ಬೇಕು."

ಅಣ್ಣ ಮಾತು ಬಿಟ್ಟಿದ್ದಾನೆ. ಡುಲಾನ್‌ನ ಪೀಪಾಯಿಗಳನ್ನು ಯಾರೂ ಮುಟ್ಟಿಲ್ಲ.

ಜೂನ್ 15, ಭಾನುವಾರ. ವ್ಯಾನಿನ ಸೀಟಿನಲ್ಲಿ

ಸಿಕ್ಕ ಸಂದಿನಲ್ಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ವ್ಯಾನಿನ ಹಿಂಬದಿ ನೋಡಿದರೆ ನನ್ನ ಎರಡು ಪೀಪಾಯಿಯ ಜೊತೆ ಡುಲಾನ್‌ನ ಆರೂ ಇದ್ದವು. ಅಣ್ಣ ಒಬ್ಬನೇ ಹೇರಿದ್ದ. ಕೇಳಲು ಧೈರ್ಯವಾಗಲಿಲ್ಲ. ಕಲ್ಲು ನಿಂತಿತು, ಪಾದ್ರಿ ಗಡಿಬಿಡಿಯಲ್ಲಿ ಹರಸಿದ. ಬೈಪಾಸ್ ತಿರುವಿನಲ್ಲಿ ಗಾರ್ಡ್‌ಗಳು ನಿಂತು ದಾರಿ ತೋರುತ್ತಿದ್ದರು. ಅಣ್ಣ ಬೈಪಾಸಿನತ್ತ, ಎಡಕ್ಕೆ ಇಂಡಿಕೇಟರ್ ಹಾಕಿದ. ಅವರಿಗೆ ಕೈ ಬೀಸಿದ, ನಗುನಗುತ್ತ. ನೇರ ಹೊಡೆದ, ಊರೊಳಕ್ಕೆ. ಹಿಂದೆ ಎಲ್ಲ ವ್ಯಾನುಗಳೂ.

ಬೀದಿಯೆಲ್ಲ ಬಾಗಿಲು ಮುಚ್ಚಿತ್ತು. ಡುಲಾನ್‌ನ ಬಾಗಿಲಿಗೆ ಚೀಟಿ — ದುರಸ್ತಿ ನಡೆಯುತ್ತಿದೆ. ಆ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಅಣ್ಣ ಮತ್ತು ಚಿಕ್ಕಪ್ಪನ ಮಕ್ಕಳು ಆರೂ ಉಕ್ಕಿನ ಪೀಪಾಯಿಗಳನ್ನು ಇಳಿಸಿ, ಬಾಗಿಲಿಗೆ ಒತ್ತಿ ಪೇರಿಸಿದರು. ಅಣ್ಣ ಕಾಗದ ಹಾಕುವ ಕಂಡಿಯಲ್ಲಿ ಬಾಯಿಟ್ಟು ಕೂಗಿದ — "ನಿನ್ನ ಮಾಲು, ಸೀಲು ಒಡೆದಿಲ್ಲ, ತಗೋ!"

ನಡುಬೀದಿಯಲ್ಲಿ ಅವ್ವನಿಗೆ ಕುರ್ಚಿ. ಪಕ್ಕದಲ್ಲಿ ನನ್ನ ಪೀಪಾಯಿ. ಅಪ್ಪನ ಹೆಸರನ್ನು ಚಿಕ್ಕಪ್ಪ ಕೂಗಿದ. ಸಾಲು ಚರ್ಚಿನವರೆಗೆ. ಒಬ್ಬೊಬ್ಬರಿಗೆ ಒಂದು ಗುಟುಕು. ಚಿಕ್ಕಪ್ಪ ಕುಡಿದು, ಮುಖ ಸಿಂಡರಿಸಿ, ಲೋಟ ಮತ್ತೆ ಚಾಚಿದ. ಮೊದಲನೆಯ ಪೀಪಾಯಿ ಖಾಲಿ.

ಡುಲಾನ್ ಒಳಗಿನಿಂದ ದಬದಬ ಬಡಿಯುತ್ತಿದ್ದಾನೆ. "ತೆಗೀರೋ! ನನ್ನ ಬಾಗಿಲು!"

ಅವ್ವ ಕುರ್ಚಿಯಿಂದಲೇ, "ದುರಸ್ತಿ ನಡೀತೈತಂತೆ ಕಣಪ್ಪಾ. ಹಿಂದ್ಗಡೆ ಬಾಗ್ಲು ಐತಲ್ಲ, ಅಲ್ಲಿಂದ ಬಾ. ನಮ್ಮನ್ನ ಅಲ್ಲಿಂದ್ಲೇ ತಾನೆ ಕರೀತಿದ್ದಿದ್ದು?"

ಬೀದಿಯ ಆ ತುದಿಯಲ್ಲಿ ಹೆಗಾರ್ಟಿ. ಹಿಂದೆ ಎಂಟು ಹತ್ತು ಮಂದಿ. ಪೀಪಾಯಿ ಪಕ್ಕಕ್ಕೆ ಸರಿಸಿ ಅಂತ ಕೂಗುತ್ತಿದ್ದಾನೆ. ಅವ್ವ ಲೋಟ ಎತ್ತಿ ಹಿಡಿದು ಅವನಿಗೆ ಟೋಪಿ ತೆಗೆಯಲು ಹೇಳುತ್ತಿದ್ದಾಳೆ. ಒಬ್ಬರೂ ಸರಿಯಲಿಲ್ಲ. ಎರಡನೆಯ ಪೀಪಾಯಿಯ ನಲ್ಲಿ ಇನ್ನೂ ತೆರೆದಿಲ್ಲ. ಅಣ್ಣ ನನ್ನ ಹೆಸರು ಕೂಗುತ್ತಿದ್ದಾನೆ. ಇಳಿಯುತ್ತೇನೆ. ಹೆಗಾರ್ಟಿ ಕೈ ಹಾಕುವ ಮೊದಲು ನಲ್ಲಿಯನ್ನು—